ಸಾಮಾಜಿಕ ಆತಂಕ: ತಕ್ಕ ಚಿಕಿತ್ಸಕರನ್ನು ಹುಡುಕುವ ಬಗೆ

ಸಭೆಯಲ್ಲಿ ಎರಡು ಮಾತಾಡಲು, ಅಪರಿಚಿತರಿಗೆ ಫೋನ್ ಮಾಡಲು, ಮದುವೆಮನೆಯ ಪಂಕ್ತಿಯಲ್ಲಿ ಉಣ್ಣಲು ಕೂಡ ಎದೆ ಹೊಡೆದುಕೊಂಡು, ಕೊನೆಗೆ ಓದು, ಉದ್ಯೋಗ ಬಿಡುವಂತಾದರೆ ಅದು ಬರೀ ನಾಚಿಕೆಯಲ್ಲ, ಚಿಕಿತ್ಸೆಯಿರುವ ತೊಂದರೆ.

ಯಾರ ಬಳಿ ಹೋಗಬೇಕು?
ಔಷಧ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರೆ. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ಏನು ಕೇಳಬೇಕು?
‘ಸಿಬಿಟಿ ಮಾಡುತ್ತೀರಾ?’ ಎಂದು ಕೇಳಿ. ಹೆದರಿಸುವ ಯೋಚನೆಗಳನ್ನು ಪರೀಕ್ಷಿಸಿ, ಹೆದರುವ ಸಂದರ್ಭಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಎದುರಿಸುವ ಅಭ್ಯಾಸವಿದು. ಕೆಲವು ತಿಂಗಳು ಹಿಡಿಯುತ್ತದೆ. ಶುಲ್ಕವನ್ನೂ ಮೊದಲೇ ತಿಳಿಯಿರಿ.

ಯಾವ ಭಾಷೆಯಲ್ಲಿ?
ಗಡಿನಾಡಿನ ನಮಗೆ ಇದೇ ಮುಖ್ಯ. ಮಲಯಾಳದಲ್ಲಿ ಮಾತು ತಪ್ಪಿದರೆ ನಗುತ್ತಾರೆಂಬ ಅಂಜಿಕೆಯೇ ಇರುವವರು ಅದೇ ಭಾಷೆಯಲ್ಲಿ ಮನಸ್ಸು ಬಿಚ್ಚುವುದು ಕಷ್ಟ. ಮನೆಯವರು ದುಭಾಷಿಯಾಗಿ ಕುಳಿತರೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಕನ್ನಡವೋ ತುಳುವೋ ಬಲ್ಲವರನ್ನೇ ಹುಡುಕಿ. ಕಾಸರಗೋಡಿನವರಿಗೆ ಮಂಗಳೂರು ಹತ್ತಿರ; ವಿಡಿಯೋ ಮೂಲಕವೂ ಚಿಕಿತ್ಸೆ ಸಾಧ್ಯ.

ಮೊದಲ ಹೆಜ್ಜೆ
ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡವನ್ನು ಆರಿಸಿಕೊಳ್ಳಬಹುದು. ಫೋನ್ ಮಾಡುವುದೇ ಕಷ್ಟವಾದವರ ಪರವಾಗಿ ಮನೆಯವರು ಮೊದಲು ವಿಚಾರಿಸಲಿ. ಮೂರು–ನಾಲ್ಕು ಭೇಟಿಯಾದರೂ ಚಿಕಿತ್ಸಕರ ಮೇಲೆ ನಂಬಿಕೆ ಕೂಡದಿದ್ದರೆ ಬೇರೆಯವರನ್ನು ನೋಡುವುದು ತಪ್ಪಲ್ಲ.

ಸಂಘದ ಕಚೇರಿಗೆ ಬಂದರೆ ನಾವೇ ಕರೆ ಮಾಡಿಕೊಡುತ್ತೇವೆ. ಹೆಸರು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.