ಕಲ್ಮನೆಯ ಪ್ರಾಣಿಗಳು

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳಲ್ಲಿ, ಕಾಡಿನಲ್ಲಾಗಲಿ ಹೊಳೆಯಲ್ಲಾಗಲಿ ಎಂದೂ ಹುಟ್ಟದ ಪ್ರಾಣಿಗಳ ದೊಡ್ಡ ಸಂತತಿಯೇ ನೆಲೆಸಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಬಳ್ಳಿಯಂತೆ ಸುರುಳಿಯಾಗಿ ಹಬ್ಬಿದ ಬಾಲ ಕೂಡಿದರೆ ಮಕರ. ಸಿಂಹದ ಮೈಗೆ ಇನ್ನೊಂದು ಪ್ರಾಣಿಯ ಮುಖ ಬಂದರೆ ವ್ಯಾಳ. ಮೈ ಇಲ್ಲದೆ ಮುಖವಷ್ಟೇ ಉಳಿದರೆ ಕೀರ್ತಿಮುಖ. ಗಿಡ್ಡ ಕಾಲು, ಡೊಳ್ಳು ಹೊಟ್ಟೆಯ ಗಣಗಳು, ಸೊಂಟದ ಕೆಳಗೆ ಹಾವಾಗಿ ಸುತ್ತಿಕೊಂಡ ನಾಗರು ಬೇರೆ. ಆರನೆಯ ಶತಮಾನದಿಂದ ಎಂಟನೆಯ ಶತಮಾನದವರೆಗೆ ಮಲಪ್ರಭಾ ಹೊಳೆಯ ಆಸುಪಾಸಿನಲ್ಲಿ ಚಾಲುಕ್ಯರ ಕಲ್ಕುಟಿಗರು ಇವನ್ನೆಲ್ಲ ಕಡೆದರು. ಇದರಲ್ಲಿ ಹೆಚ್ಚಿನವು ಅವರಿಗಿಂತ ಮೊದಲೇ ನಾಡಿನ ಬೇರೆ ಕಡೆ ಹುಟ್ಟಿ, ಅವರ ಕೈಗೆ ಬಂದವು. ಆದರೆ ಯಾವ ಪ್ರಾಣಿ ಗುಡಿಯ ಯಾವ ಜಾಗದಲ್ಲಿ ನಿಲ್ಲಬೇಕು, ಏನು ಕೆಲಸ ಮಾಡಬೇಕು ಎಂಬುದು ಕನ್ನಡ ನಾಡಿನ ಮಟ್ಟಿಗೆ ಗಟ್ಟಿಯಾದದ್ದು ಈ ದಂಡೆಯ ಮೇಲೆ. ಜಾತಿಯ ಲಕ್ಷಣ ಎಲ್ಲರಿಗೂ ಸೇರಿದ್ದು, ಒಂದೊಂದು ಪ್ರಾಣಿಯ ಕಳೆ ಮಾತ್ರ ಅದನ್ನು ಕಡೆದ ಕೈಯದು.

ಕ್ರಿ.ಶ. 543ರಲ್ಲಿ ಚಾಲುಕ್ಯರ ಒಂದನೆಯ ಪುಲಕೇಶಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ ಸಂಗತಿ ಅಲ್ಲಿಯ ಬಂಡೆಯ ಮೇಲೆಯೇ ಕೊರೆದಿದೆ. ಆ ಬೆಟ್ಟದ್ದು ಕೆಂಪು ಮರಳುಗಲ್ಲು. ಪದರ ಪದರವಾಗಿ ಕೂಡಿದ ಈ ಕಲ್ಲು ಉಳಿಗೆ ಬೇಗ ಒಲಿಯುತ್ತದೆ. ಇಳಕಲ್ಲಿನ ಗಟ್ಟಿ ಕೆಂಪು ಗ್ರಾನೈಟಿನಲ್ಲಿ ಇಷ್ಟು ಬೇಗ, ಇಷ್ಟು ಸಲೀಸಾಗಿ ಸುರುಳಿ ಬಾಲ ಬಿಡಿಸಲು ಆಗುತ್ತಿರಲಿಲ್ಲ. ಬೆಟ್ಟವನ್ನೇ ಕೊರೆದು ಮಾಡಿದ ಗುಹೆಗಳಲ್ಲಿ ಮೂರನೆಯದು ಎಲ್ಲಕ್ಕೂ ದೊಡ್ಡದು. ಅದೇ ಮನೆತನದ ಮಂಗಲೇಶ ಅದನ್ನು ವಿಷ್ಣುವಿಗೆ ಒಪ್ಪಿಸಿದ್ದು 578ರಲ್ಲಿ. ಅಲ್ಲಿಯೇ ಇರುವ ಅವನ ಕನ್ನಡ ಶಾಸನ ಆ ಗುಹೆಯನ್ನು ಕಲ್ಮನೆ ಎಂದು ಕರೆಯುತ್ತದೆ. ಮನೆ ಎಂದ ಮೇಲೆ ಅದಕ್ಕೊಂದು ಕಟ್ಟೆ ಬೇಕು, ಕಟ್ಟೆ ಹೊರುವವರೂ ಬೇಕು. ಆ ಕೆಲಸ ಗಣಗಳ ಪಾಲಿಗೆ ಬಂತು.

ಗುಹೆಗಳ ಅಧಿಷ್ಠಾನದ, ಅಂದರೆ ಕಟ್ಟೆಯ, ಉದ್ದಕ್ಕೂ ಗಣಗಳ ಸಾಲಿದೆ. ಕೆಲವು ಕುಣಿಯುತ್ತವೆ, ಕೆಲವು ವಾದ್ಯ ನುಡಿಸುತ್ತವೆ, ಕೆಲವು ಸುಮ್ಮನೆ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿವೆ. ಮೊದಲನೆಯ ಗುಹೆಯ ಕಟ್ಟೆಯಲ್ಲಿ ಎತ್ತಿನ ಮುಖದವು, ಕುದುರೆಯ ಮುಖದವು ಸಹ ಸಿಗುತ್ತವೆ. ಶಿವನ ಪರಿವಾರವಾದ ಗಣಗಳಿಗೆ ಇಂಥದೇ ರೂಪ ಎಂಬ ಕಟ್ಟುಪಾಡು ಇಲ್ಲದ್ದರಿಂದ ಕಲ್ಕುಟಿಗನ ಕೈ ಅತಿ ಹೆಚ್ಚು ಆಡಿದ್ದು ಇಲ್ಲಿಯೇ. ದೇವರ ಮೂರ್ತಿಗೆ ಕೈ ಎಷ್ಟು, ಆಯುಧ ಯಾವುದು ಎಂಬ ಲೆಕ್ಕವಿತ್ತು. ಗಣಕ್ಕೆ ಆ ಲೆಕ್ಕವಿರಲಿಲ್ಲ, ಗಿಡ್ಡಗಿರಬೇಕು, ಗುಂಡಗಿರಬೇಕು, ಅಷ್ಟೇ. ನೋಡಲು ಬಂದವರು ದೊಡ್ಡ ಮೂರ್ತಿಗಳ ಮುಂದೆ ನಿಂತು ಕೆಳಗಿನ ಈ ಸಾಲನ್ನು ದಾಟಿ ಹೋಗುತ್ತಾರೆ. ಒಂದೊಂದೇ ಗಣದ ಮುಖ ನೋಡುತ್ತ ಬಗ್ಗಿ ನಡೆದರೆ, ಅದೇ ಒಂದು ಊರಿನ ಜನವನ್ನು ಕಂಡಂತಾಗುತ್ತದೆ.

ಅದೇ ಮೊದಲನೆಯ ಗುಹೆಯ ಬಾಗಿಲಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನಿದ್ದಾನೆ. ಅವನ ಕೆಳಗೆ ಎರಡು ಮೈ, ಒಂದು ತಲೆಯ ಪ್ರಾಣಿಯಿದೆ. ಒಂದು ಮಗ್ಗುಲಿನಿಂದ ನೋಡಿದರೆ ಎತ್ತು, ಇನ್ನೊಂದು ಮಗ್ಗುಲಿನಿಂದ ಆನೆ. ವೃಷಭಕುಂಜರ ಎಂಬುದು ಇದರ ಹೆಸರು. ಒಂದೇ ಗೆರೆ ಎತ್ತಿಗೂ ಸಲ್ಲಬೇಕು, ಆನೆಗೂ ಸಲ್ಲಬೇಕು. ಕಣ್ಣು ಒಂದೇ, ಒಂದು ಮೈಯನ್ನು ಕೈಯಿಂದ ಮುಚ್ಚಿದರೆ ಇನ್ನೊಂದು ಪೂರ್ತಿ ಪ್ರಾಣಿಯಾಗಿ ನಿಲ್ಲುತ್ತದೆ. ಮಕರದಲ್ಲಿ ಬೇರೆ ಬೇರೆ ಪ್ರಾಣಿಗಳ ಅಂಗ ಜೋಡಿಸಿದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಜೋಡಣೆಯೇ ಕಾಣುವುದಿಲ್ಲ. ಸುಮಾರು ಆರು ನೂರು ವರ್ಷಗಳ ಮೇಲೆ ತಮಿಳುನಾಡಿನ ದಾರಾಸುರದ ಐರಾವತೇಶ್ವರ ಗುಡಿಯಲ್ಲಿ ಇದೇ ಎತ್ತು-ಆನೆ ಮತ್ತೆ ಕಾಣಿಸಿಕೊಂಡಿತು. ಅಲ್ಲಿ ಅದು ಹೆಸರಾಗಿದೆ, ಬಾದಾಮಿಯದು ಅದಕ್ಕಿಂತ ಹಿರಿಯದು ಎಂಬುದನ್ನು ಈ ಕಡೆಯ ಜನ ಧೈರ್ಯವಾಗಿ ಹೇಳಿಕೊಳ್ಳಬಹುದು.

ಗುಹೆಗಳ ಒಳಮಾಳಿಗೆಗೆ ಬೇರೆಯೇ ಜಾತಿಗಳು. ಮೊದಲನೆಯ ಗುಹೆಯ ಮೊಗಸಾಲೆಯ ಮೇಲೆ ಹೆಡೆ ಬಿಚ್ಚಿದ ನಾಗರಾಜ ಸುರುಳಿ ಸುತ್ತಿ ಕೂತಿದ್ದಾನೆ. ಎರಡನೆಯ ಗುಹೆಯಲ್ಲಿ ಹದಿನಾರು ಮೀನುಗಳೇ ಅರೆಕಾಲುಗಳಾದ ಗಾಲಿಯಿದೆ. ಮಾಳಿಗೆ ಬಿಟ್ಟು ಬಾಗಿಲಿಗೆ ಬಂದರೆ, ಐಹೊಳೆಯ ದುರ್ಗಗುಡಿಯ ಬಾಗಿಲವಾಡದ ಮೇಲೆ ಗರುಡ ಹಾವುಗಳ ಬಾಲ ಹಿಡಿದಿದ್ದಾನೆ, ಹಾವುಗಳ ಮೈ ಬಾಗಿಲಿನ ಎರಡೂ ಬದಿಗೆ ಪಟ್ಟಿಯಾಗಿ ಇಳಿದುಬರುತ್ತದೆ. ಬಾದಾಮಿಯ ಎರಡು ಮತ್ತು ಮೂರನೆಯ ಗುಹೆಗಳಲ್ಲಿ ಭೂದೇವಿಯನ್ನು ಎತ್ತಿದ ವರಾಹನಿಗೆ ಮನುಷ್ಯನ ಮೈ, ಹಂದಿಯ ಮುಖ. ನಾಗನಾಥಕೊಳ್ಳದಲ್ಲಿ ಸಿಕ್ಕ, ಈಗ ಬಾದಾಮಿಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿರುವ ಲಜ್ಜಾಗೌರಿ ಇವರೆಲ್ಲರಿಂದ ದೂರ ನಿಲ್ಲುತ್ತಾಳೆ. ಅವಳಿಗೆ ಹೆಣ್ಣಿನ ಮೈ, ತಲೆಯ ಜಾಗದಲ್ಲಿ ತಾವರೆ. ಬೆಳೆ ಮತ್ತು ಬಸಿರು ಎರಡನ್ನೂ ಒಂದೇ ಮೈಯಲ್ಲಿ ಕೂಡಿಸಿದ ತಾಯಿ ಅವಳು. ಪ್ರಾಣಿಯ ಜತೆ ಪ್ರಾಣಿಯನ್ನು ಸೇರಿಸಿದ ಕಲ್ಕುಟಿಗರು ಮನುಷ್ಯರ ಜತೆ ಹೂವನ್ನು ಸೇರಿಸಲೂ ಹಿಂದೆಮುಂದೆ ನೋಡಲಿಲ್ಲ.

ಮಕರ ನೀರಿನ ಪ್ರಾಣಿ. ವರುಣನ ವಾಹನ, ಗಂಗೆಯ ವಾಹನ. ಚಾಲುಕ್ಯರ ಗುಡಿಗಳ ಬಾಗಿಲವಾಡದ ಬುಡದಲ್ಲಿ ಒಂದು ಬದಿಗೆ ಮಕರದ ಮೇಲೆ ಗಂಗೆ, ಇನ್ನೊಂದು ಬದಿಗೆ ಆಮೆಯ ಮೇಲೆ ಯಮುನೆ ನಿಲ್ಲುವುದು ವಾಡಿಕೆ. ಒಳಗೆ ಹೋಗುವವರು ಎರಡು ಹೊಳೆಗಳ ನಡುವೆ ಹಾಯ್ದು, ಮಡಿಯಾಗಿ ಹೋದಂತೆ. ಮಾಡುಗಳ ಮೇಲಿನ ತೋರಣದಲ್ಲಿ ಎರಡು ಮಕರಗಳು ಎದುರುಬದುರಾಗಿ ಬಾಯಿ ತೆರೆದಿರುತ್ತವೆ, ಆ ಬಾಯಿಗಳಿಂದ ಹೊರಟ ಬಳ್ಳಿ ಕಮಾನಾಗಿ ಕೂಡುತ್ತದೆ. ಮಕರತೋರಣ ಎಂಬ ಮಾತು ಬಂದದ್ದು ಇದರಿಂದ. ಕೃಷ್ಣೆಯ ಮೊಸಳೆಯನ್ನು ಕಂಡ ಈ ಸೀಮೆಯ ಜನರಿಗೆ ಮಕರದ ಬಾಯಿ ಹೊಸದಲ್ಲ. ಕಣ್ಣಾರೆ ಕಂಡ ಬಾಯಿಗೆ, ಕಾಣದ ಬಾಲ ಸೇರಿಕೊಂಡಿತು. ಆ ಬಾಲದಲ್ಲಿಯೇ ಒಬ್ಬ ಕಲ್ಕುಟಿಗನಿಗೂ ಇನ್ನೊಬ್ಬನಿಗೂ ಇರುವ ಅಂತರ ಗೊತ್ತಾಗುತ್ತದೆ. ಬಾಯಿ, ಸೊಂಡಿಲು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಬಾಲ ಒಂದು ಕಡೆ ಎಲೆಯಾಗುತ್ತದೆ, ಒಂದು ಕಡೆ ನೀರಿನ ಸುಳಿಯಾಗುತ್ತದೆ, ಒಂದು ಕಡೆ ನವಿಲಿನ ಗರಿಯಂತೆ ಹರಡುತ್ತದೆ.

ವ್ಯಾಳದ ಕೆಲಸ ಕಾವಲು ಮತ್ತು ಹೊರೆ. ತಮಿಳಿನಲ್ಲಿ ಇದೇ ಯಾಳಿ. ಕಂಬದ ಮೇಲೆ, ಕಪೋತ ಎಂಬ ಸೂರಂಚಿನ ಕೆಳಗೆ ಮುಂಗಾಲು ಎತ್ತಿ ನಿಲ್ಲುವ ಈ ಪ್ರಾಣಿ ಸಿಂಹದ ಮೈಯನ್ನು ಬಿಡುವುದಿಲ್ಲ, ಮುಖವನ್ನು ಮಾತ್ರ ಬದಲಿಸುತ್ತದೆ. ಆನೆಯ ಮುಖವಾದರೆ ಗಜವ್ಯಾಳ, ಕುದುರೆಯದಾದರೆ ಅಶ್ವವ್ಯಾಳ, ಮನುಷ್ಯನದಾದರೆ ನರವ್ಯಾಳ. ದ್ರಾವಿಡ ಕ್ರಮದ ಗುಡಿಗಳಲ್ಲಿ ವ್ಯಾಳಗಳ ತಲೆ ಸಾಲಾಗಿ ಗೋಡೆ ಸುತ್ತಿ, ಮೂಲೆಗೆ ಬಂದಾಗ ಮಕರದ ಬಾಯಿಯಾಗಿ ಮುಗಿಯುವುದೂ ಉಂಟು. ಕಲ್ಲಿನಲ್ಲಿ ಮೊದಲು ನಡೆದದ್ದನ್ನು ಶಾಸ್ತ್ರ ಆಮೇಲೆ ಲೆಕ್ಕ ಹಾಕಿತು. ಹನ್ನೊಂದನೆಯ ಶತಮಾನದಲ್ಲಿ ಧಾರಾನಗರದ ಭೋಜನ ಹೆಸರಿನಲ್ಲಿರುವ ಸಮರಾಂಗಣ ಸೂತ್ರಧಾರ ಹದಿನಾರು ಬಗೆಯ ವ್ಯಾಳಗಳನ್ನು ಹೇಳುತ್ತದೆ. ಮುಂದಿನ ಶತಮಾನದ ಅಪರಾಜಿತಪೃಚ್ಛೆ ಹದಿನಾರು ಮುಖಗಳಿಗೆ ಹದಿನಾರು ಭಂಗಿಗಳನ್ನು ಕೂಡಿಸಿ 256 ವ್ಯಾಳಗಳ ಲೆಕ್ಕ ಕೊಡುತ್ತದೆ. ಒಂದು ಜಾತಿಗೆ ಮೂಲ ಮೈ ಇಷ್ಟು, ಬದಲಾಗುವ ಅಂಗ ಇಷ್ಟು, ಕೂಡಿಸಿದರೆ ಇಷ್ಟು ಎಂದು ಹೀಗೆ ಪಟ್ಟಿ ಮಾಡಿದ ಬುದ್ಧಿ ಮೆಚ್ಚುವಂಥದು. ಪಟ್ಟಿ ಬರುವ ನಾಲ್ಕೈದು ಶತಮಾನ ಮೊದಲೇ ಮಲಪ್ರಭೆಯ ದಂಡೆಯವರು ಪಟ್ಟಿಯಿಲ್ಲದೆ ಆ ಕೂಡಾಟ ಆಡಿ ಮುಗಿಸಿದ್ದರು.

ಕೀರ್ತಿಮುಖದ್ದು ಬೇರೆ ಕಥೆ. ಸ್ಕಂದಪುರಾಣದ ಜಲಂಧರನ ಪ್ರಸಂಗದಲ್ಲಿ, ಪಾರ್ವತಿಯನ್ನು ಕೇಳಲು ರಾಹು ಆ ಅಸುರನ ದೂತನಾಗಿ ಶಿವನ ಬಳಿ ಬರುತ್ತಾನೆ. ಶಿವನ ಸಿಟ್ಟಿನಿಂದ ಹಸಿದ ಭೂತವೊಂದು ಹುಟ್ಟಿ ರಾಹುವಿನ ಮೇಲೆ ಬೀಳುತ್ತದೆ. ರಾಹು ಶರಣಾದ, ಶಿವ ಕಾಯ್ದ. ಹಸಿವು ಹಾಗೆಯೇ ಉಳಿಯಿತು. ನಿನ್ನ ಮೈಯನ್ನೇ ನೀನು ತಿನ್ನು ಎಂದಾಗ ಅದು ಕೈಕಾಲು, ಹೊಟ್ಟೆ ಎಲ್ಲ ತಿಂದು ಮುಖವಾಗಿ ಉಳಿಯಿತು. ಆ ಮುಖವನ್ನು ಶಿವ ತನ್ನ ಬಾಗಿಲ ಮೇಲೆ ಇಟ್ಟುಕೊಂಡ. ಪಟ್ಟದಕಲ್ಲಿನ ಕಂಬಗಳಲ್ಲಿ ಈ ಮುಖ ಬಾಯಿಂದ ಮುತ್ತಿನ ಸರ ಉಗುಳುತ್ತದೆ. ತಿನ್ನಲು ಹುಟ್ಟಿದ ಬಾಯಿ ಕೊಡುವ ಬಾಯಿಯಾದದ್ದು ಪುರಾಣದಲ್ಲಿಲ್ಲ, ಅದು ಕಲ್ಕುಟಿಗರ ಸೇರ್ಪಡೆ. ಸಿಂಹಲಲಾಟ ಎಂದೂ ಇದನ್ನು ಕರೆಯುತ್ತಾರೆ.

ಕಡೆದವರ ಹೆಸರು ಅಳಿದುಹೋಗಲಿಲ್ಲ ಎಂಬುದು ಈ ಸೀಮೆಯ ಪುಣ್ಯ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಗುಡಿ ಕಟ್ಟಿಸಿದಳು, ಈಗಿನ ವಿರೂಪಾಕ್ಷ. ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು, ಪೆರ್ಜೆರೆಪು ಎಂಬ ಗೌರವ ಸಂದದ್ದನ್ನು ಅಲ್ಲಿಯ ಕನ್ನಡ ಶಾಸನ ಹೇಳುತ್ತದೆ. ಸರ್ವಸಿದ್ಧಿ ಆಚಾರಿಯ ಹೆಸರೂ ಅಲ್ಲಿದೆ. ಪಾಪನಾಥ ಗುಡಿಯಲ್ಲಿ ತೆಂಕಣ ದಿಕ್ಕಿನ ಕೆಲಸ ಮಾಡಿದ ರೇವಡಿ ಓವಜ್ಜನ ಹೆಸರು ಸಿಗುತ್ತದೆ. ಮೂರ್ತಿಯ ಮಗ್ಗುಲಲ್ಲೇ ತಮ್ಮ ಹೆಸರು ಕೊರೆದುಕೊಂಡ ಬೇರೆಯವರೂ ಇದ್ದಾರೆ. ಪ್ರಾಣಿಯ ಜಾತಿ ಯಾರ ಸ್ವತ್ತೂ ಅಲ್ಲ, ಕೆಲಸ ಮಾತ್ರ ತನ್ನದು ಎಂಬ ತಿಳಿವಳಿಕೆ ಆ ಸಣ್ಣ ಅಕ್ಷರಗಳಲ್ಲಿದೆ.

ಚಾಲುಕ್ಯರ ಆಳಿಕೆ ಮುಗಿದ ಮೇಲೆ ಪ್ರಾಣಿಗಳು ಊರು ಬಿಟ್ಟು ಹೊರಟವು. ರಾಷ್ಟ್ರಕೂಟರ ಕೃಷ್ಣ ಎಲ್ಲೋರದಲ್ಲಿ ಕಡೆಸಿದ ಕೈಲಾಸಕ್ಕೆ ವಿರೂಪಾಕ್ಷ ಗುಡಿಯೇ ಮಾದರಿ. ಕಲ್ಯಾಣದ ಚಾಲುಕ್ಯರ ಲಕ್ಕುಂಡಿ, ಇಟಗಿಗಳಲ್ಲಿ ಮರಳುಗಲ್ಲು ಹೋಗಿ ನುಣುಪಾದ ಬಳಪದ ಕಲ್ಲು ಬಂತು, ಕೀರ್ತಿಮುಖಗಳು ಒಡವೆಯಷ್ಟು ಸೂಕ್ಷ್ಮವಾದವು. ಹೊಯ್ಸಳರ ಹಳೇಬೀಡಿನಲ್ಲಿ ಆನೆ, ಕುದುರೆಗಳ ಪಟ್ಟಿಯ ಮೇಲೆ ಮಕರಗಳದೇ ಒಂದು ಪಟ್ಟಿ, ಅದರ ಮೇಲೆ ಹಂಸಗಳದು. ಅಲ್ಲಿ ಮಕರ ಬಾಗಿಲಲ್ಲಷ್ಟೇ ನಿಲ್ಲದೆ ಸಾಲಿನಲ್ಲಿಯೂ ಒಂದಾಯಿತು. ಹೊಸ ಜಾತಿಗಳೂ ಹುಟ್ಟಿದವು. 1047ರಲ್ಲಿ ಬಳ್ಳಿಗಾವೆಯಲ್ಲಿ ಚಾವುಂಡರಾಯರಸ ಗಂಡಭೇರುಂಡ ಕಂಬ ನಿಲ್ಲಿಸಿದ. ಆ ಗಂಡಭೇರುಂಡಕ್ಕೆ ಎರಡು ಹಕ್ಕಿತಲೆ, ಮೈ ಮಾತ್ರ ಮನುಷ್ಯನದು. ಕೆಳದಿಯ ರಾಮೇಶ್ವರ ಗುಡಿಗೆ ಬರುವ ಹೊತ್ತಿಗೆ ಮನುಷ್ಯನ ಮೈ ಹೋಗಿ ಅದು ಪೂರ್ತಿ ಹಕ್ಕಿಯಾಗಿ ಆನೆ, ಸಿಂಹಗಳನ್ನು ಹಿಡಿದಿದೆ. ಒಂದು ಜಾತಿಯ ಲಕ್ಷಣ ನೆಲೆಗೊಳ್ಳಲು ಶತಮಾನಗಳೇ ಹಿಡಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಒಡಿಶಾದಲ್ಲಿ ಹದಿನೈದನೆಯ ಶತಮಾನದ ಸಾರಳಾದಾಸ ತನ್ನ ಮಹಾಭಾರತದಲ್ಲಿ ಒಂಬತ್ತು ಪ್ರಾಣಿಗಳ ಅಂಗ ಕೂಡಿದ ನವಗುಂಜರವನ್ನು ತಂದ. ಅಸ್ಸೀರಿಯದ ಅರಮನೆಗಳ ಬಾಗಿಲಲ್ಲಿ ಮನುಷ್ಯನ ಮುಖದ ರೆಕ್ಕೆಯ ಗೂಳಿಗಳು ಅದಕ್ಕೆಷ್ಟೋ ಮೊದಲು ನಿಂತಿದ್ದವು. ಬಾಗಿಲಿಗೆ ಇಂಥ ಕಾವಲು ಬೇಕೆಂದು ಅನ್ನಿಸಿದ್ದು ಒಂದೇ ನಾಡಿಗಲ್ಲ.

ರಾಜಮನೆತನಗಳು ಈ ಪ್ರಾಣಿಗಳನ್ನು ದತ್ತು ತೆಗೆದುಕೊಂಡವು. ಬಾದಾಮಿ ಚಾಲುಕ್ಯರ ಲಾಂಛನ ವರಾಹ. ವೆಂಗಿ, ಕಲ್ಯಾಣದ ಚಾಲುಕ್ಯರು ಅದನ್ನೇ ಉಳಿಸಿಕೊಂಡರು, ವಿಜಯನಗರದವರೂ ತೆಗೆದುಕೊಂಡರು. ಹಂದಿಯ ಮುದ್ರೆ ಬಿದ್ದ ಬಂಗಾರದ ನಾಣ್ಯಕ್ಕೆ ವರಾಹ ಎಂದೇ ಹೆಸರು ನಿಂತಿತು. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಗಂಡಭೇರುಂಡ ಬಂತು, ಮುಂದೆ ಮೈಸೂರಿನ ಒಡೆಯರಿಗೆ ಅದೇ ಲಾಂಛನವಾಯಿತು. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ನಡುವೆ ಗಂಡಭೇರುಂಡ, ಎರಡೂ ಬದಿಗೆ ಸಿಂಹದ ಮೈ, ಆನೆಯ ತಲೆಯ ಶರಭಗಳು. ಈ ಸೀಮೆಯ ಬಾಗಲಕೋಟೆಯ ಯಾವ ಸರ್ಕಾರಿ ಕಚೇರಿಯಿಂದ ಕಾಗದ ಬಂದರೂ ಅದರ ನೆತ್ತಿಯ ಮೇಲೆ ಗಜವ್ಯಾಳದ ದಾಯಾದಿಗಳು ನಿಂತಿರುತ್ತವೆ.

ಮನೆಗಳಲ್ಲಿಯೂ ಇವು ಉಳಿದಿವೆ. ಜಗಲಿಯ ಮೇಲಿನ ದೇವರ ಹಿಂದಿನ ಪ್ರಭಾವಳಿಯ ನೆತ್ತಿಗೆ ಕೀರ್ತಿಮುಖ, ಅದರ ಎರಡು ಬುಡಕ್ಕೆ ಮಕರ. ಪಟ್ಟದಕಲ್ಲಿನ ಮಾಡಿನಲ್ಲಿ ಇದ್ದ ಅದೇ ಜೋಡಣೆ ಬೆಳ್ಳಿಯಲ್ಲೋ ಹಿತ್ತಾಳೆಯಲ್ಲೋ ಒಂದು ಗೇಣಿನ ಎತ್ತರಕ್ಕೆ ಇಳಿದಿದೆ.

ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳು ಬೇರೆ ಆಯ್ಕೆ ಮಾಡಿಕೊಂಡರು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗೆರೆ ನೇರಕ್ಕೆ, ಅಡ್ಡಕ್ಕೆ, ಓರೆಗೆ ಹೋಗುತ್ತದೆ, ಬಳುಕುವುದಿಲ್ಲ. ಸುರುಳಿ ಬಾಲವೇ ಜೀವವಾದ ಮಕರ ಈ ಲೆಕ್ಕಕ್ಕೆ ಸುಲಭವಾಗಿ ಸಿಗುವ ಪ್ರಾಣಿಯಲ್ಲ. ಅಂಬಾರಿ ಹೊತ್ತ ಆನೆ, ನವಿಲು, ಗಿಳಿ, ಹಂಸ ಸಿಕ್ಕವು, ಅವುಗಳ ಜತೆ ಗೋಪುರ, ತೇರು, ತುಳಸಿಕಟ್ಟೆ. ಗುಡಿಯ ಗೋಡೆಯ ಮೇಲೆ ಮಕರಗಳ ನೆರೆಯಲ್ಲಿ ಸಾಲು ಹಿಡಿದಿದ್ದ ಹಂಸ ಈಗ ಸೆರಗಿನ ಅಂಚಿನಲ್ಲಿ ಅದೇ ಸಾಲಿನಲ್ಲಿ ನಡೆಯುತ್ತದೆ.