ನೀರೊಳಗಿನ ಗೋಡೆ

ಸಾಗರದ ಪೇಟೆಗೆ ಹೋದಾಗಲೆಲ್ಲ ನಾನು ತಪ್ಪದೆ ಹೊಗುವ ಒಂದು ಪುಸ್ತಕದ ಅಂಗಡಿ ಇದೆ. ತರಕಾರಿ ಚೀಲವನ್ನು ಬಾಗಿಲಲ್ಲೇ ಇಟ್ಟು ಒಳಗೆ ಹೋದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಹೋದಾಗ ಕಾದಂಬರಿಗಳ ಕಪಾಟಿನ ಪಕ್ಕದ ಗೋಡೆ ಬದಲಾಗಿತ್ತು. ಹಳೆಯ ಕ್ಯಾಲೆಂಡರುಗಳನ್ನು ತೆಗೆದು ಹತ್ತು ಹನ್ನೆರಡು ಚಿತ್ತಾರಗಳನ್ನು ತೂಗುಹಾಕಿದ್ದರು.

ಕೆಮ್ಮಣ್ಣು ಬಳಿದ ಮೈಮೇಲೆ ಸಣ್ಣ ಬಿಳಿ ಎಳೆಗಳು. ನಮ್ಮ ಕಡೆಯ ದೀವರ ಹೆಂಗಸರು ಮದುವೆಗೆ ಹಸೆಗೋಡೆಯ ಮೇಲೆ ಬರೆಯುವುದು ಇದನ್ನೇ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚವೆಂದರೆ ಪುಂಡಿನಾರು. ಕೆಳಗೆ ಅಂಟಿಸಿದ ಚೀಟಿಗಳಲ್ಲಿ ‘ಗ್ರಾಮೀಣ ಕಲೆ’ ಎಂದಷ್ಟೇ ಇತ್ತು.

ನೋಟ್‌ಬುಕ್ ಕಟ್ಟುಗಳ ಪಕ್ಕದ ಸ್ಟೂಲಿನ ಮೇಲೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಬರೆದವರು ಅವರೇ ಎಂದು ಅಂಗಡಿಯವರು ಹೇಳಿದರು.

“ಎಲ್ಲಿ ಕಲಿತಿರಮ್ಮ?” ಎಂದೆ.

“ಅವ್ವ ಬರೀತಿದ್ಲು ಅಕ್ಕೋರೇ, ನೋಡಿ ನೋಡಿ ಬಂತು. ಆ ಗೋಡೆ ಈಗಿಲ್ಲ. ಲಿಂಗನಮಕ್ಕಿ ನೀರೊಳಗದೆ.”

ನನಗೆ ಮಾತು ಹೊರಡಲಿಲ್ಲ. ಮಳೆಗಾಲ ಬಂತೆಂದರೆ ಪತ್ರಿಕೆಯಲ್ಲಿ ನಾವು ಮೊದಲು ನೋಡುವುದು ಆ ಅಣೆಕಟ್ಟಿನ ನೀರಿನ ಮಟ್ಟವನ್ನೇ. 1819 ಅಡಿ ತುಂಬಿತೆಂದರೆ ಸಂತೋಷ. ಆ ಅಡಿಗಳ ಕೆಳಗೆ ಯಾರದೋ ಹಸೆಗೋಡೆ ಇದ್ದೀತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನಾನು ಇತಿಹಾಸ ಹೇಳಿಕೊಡುವವಳು. 1951ರ ಕಾಗೋಡು ಸತ್ಯಾಗ್ರಹ, ಕೊಳಗದ ಅಳತೆಯ ತಕರಾರು, ಲೋಹಿಯಾ ಅವರ ಬಂಧನ, 1964ರ ಲಿಂಗನಮಕ್ಕಿ, ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿದ್ದೇನೆ. ಗೇಣಿಗೆ ಗೇಯ್ದು ಹೋರಾಡಿದವರಲ್ಲಿ ಹೆಚ್ಚಿನವರು ದೀವರೆಂದೂ ಹೇಳಿದ್ದೇನೆ. ಅವರ ಮನೆಯ ಗೋಡೆಯಲ್ಲೂ ಇತಿಹಾಸ ಇತ್ತೆಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಆಗಲೇ ಆ ಹುಡುಗಿಯ ನೆನಪಾದದ್ದು. ಬಹಳ ವರ್ಷಗಳ ಹಿಂದಿನ ಮಾತು. ಇತಿಹಾಸದ ನೋಟ್ಸಿನ ಅಂಚಿಗೆಲ್ಲ ಎಳೆ ಎಳೆದಿದ್ದಳು. “ಇದೇನು ಡ್ರಾಯಿಂಗ್ ಪೀರಿಯಡ್ಡೇ?” ಎಂದು ಗದರಿ ಹಾಳೆ ಹರಿಸಿ ಹೊಸದಾಗಿ ಬರೆಸಿದ್ದೆ. ಗೋಡೆಯ ಮೇಲಿದ್ದದ್ದು ಅವೇ ಎಳೆಗಳು.

ಒಂದು ಚಿತ್ತಾರ ಕೊಂಡೆ. ಅದರ ಹಿಂದೆ ಹೆಸರು ಬರೆದುಕೊಡಿ ಎಂದರೆ ಆಕೆ ನಕ್ಕರು: “ಗೋಡೆಗೆ ಯಾರಾದ್ರೂ ಹೆಸರು ಬರೀತಾರಾ ಅಕ್ಕೋರೇ?” ಹೆಸರು ಕೇಳಿ ನಾನೇ ಬರೆದುಕೊಂಡೆ.

ಅದನ್ನೀಗ ತರಗತಿಯಲ್ಲಿ ಭೂಪಟದ ಪಕ್ಕ ತೂಗುಹಾಕಿದ್ದೇನೆ. ಮೊದಲ ದಿನವೇ ಹುಡುಗನೊಬ್ಬ ಎದ್ದು ನಿಂತು, “ಇದು ಯಾವ ರಾಜರ ಕಾಲದ್ದು ಟೀಚರ್?” ಎಂದು ಕೇಳಿದ. ತಪ್ಪು ಅವನದಲ್ಲ, ಕಲಿಸಿದವಳದು.

“ನಿಮ್ಮ ಅಜ್ಜಿಯರ ಕಾಲದ್ದು. ಮನೆಗೆ ಹೋಗಿ ಕೇಳಿ, ನಾಳೆ ಬರೆದುಕೊಂಡು ಬನ್ನಿ” ಎಂದೆ.