ಬಿಸಿನೀರಿನ ವ್ಯವಸ್ಥೆಯ ಮಾಲಿನ್ಯ (ಗೃಹಬಳಕೆ)

ಮನೆಯ ಗೀಸರ್, ಸೋಲಾರ್ ಟ್ಯಾಂಕ್, ಪೈಪು, ಷವರ್‌ಗಳಲ್ಲಿ ಸೂಕ್ಷ್ಮಜೀವಿ, ಗಸಿ, ತುಕ್ಕು ಸೇರಿ ನೀರು ಕೆಡುವುದು. ಇವುಗಳಲ್ಲಿ ಅಪಾಯಕಾರಿಯಾದದ್ದು ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ನಡೆದ ಮಾಜಿ ಸೈನಿಕರ ಸಮಾವೇಶದ ಬಳಿಕ ಹಬ್ಬಿದ ನ್ಯುಮೋನಿಯದ ಜಾಡು ಹಿಡಿದು ಇದನ್ನು ಮರುವರ್ಷ ಗುರುತಿಸಲಾಯಿತು. ಷವರ್‌ನ ತುಂತುರಿನೊಂದಿಗೆ ಶ್ವಾಸಕೋಶ ಸೇರುವ ಇದು ವೃದ್ಧರನ್ನೂ ಧೂಮಪಾನಿಗಳನ್ನೂ ಹೆಚ್ಚಾಗಿ ಕಾಡುತ್ತದೆ.

25ರಿಂದ 45 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. 60 ದಾಟಿದರೆ ಸಾಯುತ್ತದೆ. ಆದ್ದರಿಂದ ಮೋಡ ಕವಿದ ದಿನಗಳಲ್ಲಿ ಸೋಲಾರ್ ಟ್ಯಾಂಕಿನಲ್ಲಿ ಉಗುರುಬೆಚ್ಚಗೆ ನಿಂತ ನೀರೇ ಹೆಚ್ಚು ಅನುಮಾನಾಸ್ಪದ. ಕರೆಂಟ್ ಉಳಿಸಲೆಂದು ಥರ್ಮೋಸ್ಟಾಟ್ ಅನ್ನು 45ಕ್ಕೆ ಇಳಿಸುವುದು ಜಾಣತನವಲ್ಲ. (ದಿನವೂ ಕಾಯಿಸಿ ಬರಿದು ಮಾಡುತ್ತಿದ್ದ ಬಚ್ಚಲ ಹಂಡೆಗೆ ಈ ತೊಂದರೆ ಕಡಿಮೆ.)

ಪರಿಹಾರವೆಂದರೆ ಟ್ಯಾಂಕಿನ ನೀರನ್ನು 60 ಡಿಗ್ರಿಗಿಂತ ಮೇಲೆ ಕಾಯಿಸಿಡುವುದು, ಬಹುದಿನ ಬಳಸದ ನಲ್ಲಿಗಳಲ್ಲಿ ಬಿಸಿನೀರನ್ನು ತುಂತುರು ಏಳದಂತೆ ಕೆಲವು ನಿಮಿಷ ಹರಿಯಬಿಡುವುದು, ಬಳಕೆಯಿಲ್ಲದ ಪೈಪಿನ ತುಂಡುಗಳನ್ನು ತೆಗೆಸುವುದು. ಅಷ್ಟು ಬಿಸಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡಬಲ್ಲದು. ಮಕ್ಕಳಿರುವ ಮನೆಯಲ್ಲಿ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಬೇಕೇ ಬೇಕು. ಬೋರ್‌ವೆಲ್‌ನ ಗಡಸು ನೀರಿನಿಂದ ಕಟ್ಟುವ ಸುಣ್ಣದ ಪದರವು ಬ್ಯಾಕ್ಟೀರಿಯಗಳಿಗೆ ಆಸರೆ. ಅದನ್ನು ಆಗಾಗ ತೆಗೆಸಬೇಕು. ಷವರ್‌ನ ತಲೆಯನ್ನು ವಿನಿಗರ್‌ನಲ್ಲಿ ನೆನೆಸಿದರೆ ಸಾಕು.

ಬಿಸಿನೀರಿಗಷ್ಟೇ ಕೊಳೆತ ಮೊಟ್ಟೆಯ ವಾಸನೆಯಿದ್ದರೆ ಅದು ಬೇರೆ ಬ್ಯಾಕ್ಟೀರಿಯಗಳ ಕೆಲಸ. ತುಕ್ಕು ತಡೆಯಲು ಟ್ಯಾಂಕಿನೊಳಗಿಟ್ಟ ಮೆಗ್ನೀಸಿಯಂ ಸರಳು (ಆನೋಡ್) ಅವಕ್ಕೆ ನೆರವಾಗುತ್ತದೆ. ಆನೋಡನ್ನು ಕಿತ್ತುಹಾಕದೆ ಬೇರೆ ಲೋಹದ್ದಕ್ಕೆ ಬದಲಿಸಬೇಕು. ಇಂಥ ಕೆಲಸಗಳಿಗೆ ಗೀಸರ್ ಬರಿದು ಮಾಡುವ ಮೊದಲು ವಿದ್ಯುತ್ ಸಂಪರ್ಕ ತಪ್ಪಿಸಬೇಕು, ಪೂರ್ತಿ ತುಂಬುವವರೆಗೆ ಸ್ವಿಚ್ ಹಾಕಬಾರದು.